ಎಮಾಯೆಗೆ ತೋರಿಸಬೇಕಾಗಿದ್ದ ಸಿನಿಮಾ

ಅಸ್ಕಾಲೆಗೆ ಎರಡು ದೇಶಗಳಲ್ಲಿ ಎರಡು ಬಗೆಯ ಬುದ್ಧಿಮಾತು ಸಿಕ್ಕಿತ್ತು. ಅಡಿಸ್ ಅಬಾಬಾದ ಸರಕಾರಿ ಸುದ್ದಿಚಿತ್ರದ ಕಚೇರಿಯಲ್ಲಿ ಅವಳು ಫಿಲ್ಮ್ ಕತ್ತರಿಸಿ ಅಂಟಿಸುವ ಕೆಲಸದಲ್ಲಿದ್ದಾಗ ಮೇಲಿನವರು ಬಂದು, ಬರಗಾಲ ಕಾಣಿಸುವ ಜಾಗವನ್ನೆಲ್ಲ ತೆಗೆದುಹಾಕು ಎಂದರು. ತೆಗೆಯಲು ಅವಳಿಗೆ ಕೈ ಬರಲಿಲ್ಲ. ಕೈ ಬಾರದವರಿಗೆ ಆ ಕಾಲದ ಇಥಿಯೋಪಿಯಾದಲ್ಲಿ ಜಾಗವಿರಲಿಲ್ಲ. ಸುಡಾನಿನ ಗಡಿ ದಾಟಿ, ಖಾರ್ಟೂಮಿನಲ್ಲಿ ವರ್ಷಗಟ್ಟಲೆ ಕಾದು, 1988ರಲ್ಲಿ ಮೆಲ್ಬರ್ನ್ ತಲುಪಿದಳು. ಇಲ್ಲಿ ಸಿನಿಮಾಗಳಿಗೆ ನೆರವು ಕೊಡುವ ಸಮಿತಿಯೊಂದರ ಮುಂದೆ ಕೂತು ತನ್ನ ಯೋಜನೆ ವಿವರಿಸಿದಾಗ ಅವರು ಬಹಳ ನಯವಾಗಿ, "ಎಲ್ಲ ಚೆನ್ನಾಗಿದೆ, ಆದರೆ ಬರಗಾಲ ಎಲ್ಲಿ?" ಎಂದು ಕೇಳಿದರು. ಅಲ್ಲಿ ಇದ್ದದ್ದನ್ನು ಇಲ್ಲ ಅನ್ನಬೇಕಿತ್ತು, ಇಲ್ಲಿ ಇಲ್ಲದ್ದನ್ನು ಇದೆ ಅನ್ನಬೇಕು. ಅತ್ತ ದರಿ, ಇತ್ತ ಪುಲಿ.

ನೆರವು ಸಿಗಲಿಲ್ಲ. ಅವಳು ತನ್ನ ಸಂಬಳದಲ್ಲೇ ಸಿನಿಮಾ ಮಾಡಲು ಹೊರಟಳು. ಸಂಬಳವೆಂದರೆ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸಿದ್ದಕ್ಕೆ ಸಿಗುತ್ತಿದ್ದದ್ದು. ಚಳಿಗಾಲ ಬಂದರೆ ಹೀಟರ್ ಕೊಳ್ಳುವುದು ಬಿಟ್ಟು ಫಿಲ್ಮ್ ರೋಲ್ ಕೊಂಡು, ಎರಡು ಕೋಟು ಹಾಕಿಕೊಂಡು ಮಲಗುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಮ್ಮವರು ನಗುತ್ತಾರಲ್ಲ, ಅದೇ ಪೈಕಿ. ನಡುನಡುವೆ ಇಂಗ್ಲಿಷಿನಲ್ಲಿ ಕತೆಗಳನ್ನೂ ಬರೆದು ಸಣ್ಣ ಪತ್ರಿಕೆಗಳಿಗೆ ಕಳಿಸುತ್ತಿದ್ದಳು. ಕೆಲವು ಅಚ್ಚಾದವು. ಓದಿದೆ ಎಂದು ಅವಳ ಎದುರಿಗೆ ಬಂದು ಹೇಳಿದವರು ಮಾತ್ರ ಯಾರೂ ಇಲ್ಲ.

ಇಷ್ಟೆಲ್ಲ ಪಾಡು ಪಟ್ಟದ್ದು ಒಬ್ಬಳೇ ಒಬ್ಬ ಪ್ರೇಕ್ಷಕಳಿಗಾಗಿ. ಡೆಸ್ಸಿ ಎಂಬ ಬೆಟ್ಟದೂರಿನಲ್ಲಿ ಅವಳ ತಾಯಿ ಇದ್ದಳು. ಅಸ್ಕಾಲೆ ಆಕೆಯನ್ನು ಎಮಾಯೆ ಎಂದು ಕರೆಯುತ್ತಿದ್ದಳು. ಅವರಲ್ಲಿ ಅಮ್ಮ ಅನ್ನುವುದು ಹಾಗೆ. ಮಗಳು ಅಡಿಸ್‌ನಲ್ಲಿ ಕತ್ತರಿ ಹಿಡಿದು ಕೆಲಸ ಮಾಡುತ್ತಾಳೆ ಎಂಬುದಷ್ಟೇ ಎಮಾಯೆಯ ಕಿವಿಗೆ ಬಿದ್ದಿತ್ತು. ಆಕೆ ಅದನ್ನು ಟೈಲರ್ ಕೆಲಸವೆಂದೇ ತಿಳಿದು ಕೇರಿಗೆಲ್ಲ ಸಾರಿದ್ದರಿಂದ ನೆರೆಯವರು ಅಂಗಿ ಹೊಲಿಸಿ ಕೊಡು ಎಂದು ಬಟ್ಟೆ ಕೊಟ್ಟು ಕಳಿಸಿದ್ದೂ ಉಂಟು. ಆಕೆಗೆ ಓದು ಬಾರದು. ಮಗಳ ಇಂಗ್ಲಿಷ್ ಕತೆಗಳು ಆಕೆಯ ಪಾಲಿಗೆ ಇದ್ದೂ ಇಲ್ಲದ ಹಾಗೆ. ಎಮಾಯೆಯ ಸೋದರಳಿಯ ಗಿರ್ಮಾನ ಅಂಗಡಿಯ ಫೋನಿಗೆ ಅಸ್ಕಾಲೆ ಕರೆ ಮಾಡಿದಾಗಲೆಲ್ಲ ಆಕೆಯದು ಒಂದೇ ಪ್ರಶ್ನೆ: "ಅಷ್ಟು ದೂರ ಹೋಗಿ ಏನ್ ಮಾಡ್ತಾ ಇದೀಯೇ ಮಗಳೆ?" ಫೋನಿನಲ್ಲಿ ಹೇಳಿ ಮುಗಿಯುವ ಉತ್ತರ ಅದಲ್ಲ. ಆದ್ದರಿಂದಲೇ ಸಿನಿಮಾ.

ಅದರಲ್ಲಿ ಹಸಿದವರು ಒಬ್ಬರೂ ಇರಲಿಲ್ಲ. ಫುಟ್‌ಸ್ಕ್ರೇ ಎಂಬ ಸಬರ್ಬ್‌ನಲ್ಲಿ ಬಂದು ನೆಲೆಸಿದ ಇಥಿಯೋಪಿಯಾದ ಹೆಂಗಸರು ಇದ್ದರು. ಊರಿನ ತೆಫ್ ಹಿಟ್ಟು ಇಲ್ಲಿ ಸಿಗದೆ ಮೈದಾಹಿಟ್ಟಿನಲ್ಲೇ ಇಂಜೆರಾ ಎಂಬ ಹುಳಿದೋಸೆ ಹುಯ್ದು, ಅದು ಕೆಟ್ಟು ಕೆರ ಹಿಡಿದಾಗ ನಗುವವರು. ರೈಲಿನಲ್ಲಿ ತೂಕಡಿಸುವವರು. ಹಿತ್ತಲಿನ ತಿರುಗುವ ತಂತಿಯ ಮೇಲೆ ಬಟ್ಟೆ ಒಣಹಾಕುವವರು. ಹಿನ್ನೆಲೆಯಲ್ಲಿ ಅಮ್ಹಾರಿಕ್ ಭಾಷೆಯಲ್ಲಿ ಅಸ್ಕಾಲೆಯ ದನಿ. ಪ್ರತಿಯೊಂದು ದೃಶ್ಯವೂ ಶುರುವಾಗುತ್ತಿದ್ದದ್ದು "ಎಮಾಯೆ, ನೋಡು" ಎಂದು.

ಫುಟ್‌ಸ್ಕ್ರೇ ಮಾರ್ಕೆಟ್ಟಿನಲ್ಲಿ ಹೀಗೆ ಚಿತ್ರೀಕರಿಸುತ್ತಿದ್ದಾಗಲೇ ಅವಳಿಗೆ ಜಾನಕಿ ಸಿಕ್ಕಿದ್ದು. ಸೀರೆಯ ಮೇಲೆ ದಪ್ಪ ಕಾರ್ಡಿಗನ್ ಹಾಕಿ ಹಸಿಮೆಣಸಿನಕಾಯಿ ಆರಿಸುತ್ತಿದ್ದ ಹೆಂಗಸು ತಟಕ್ಕನೆ ತಿರುಗಿ, ಮುರುಕಲು ಅಮ್ಹಾರಿಕ್‌ನಲ್ಲಿ, ನೀನು ಡೆಸ್ಸಿಯವಳಲ್ಲವೆ, ನಮ್ಮನೆಯವರ ಕ್ಲಾಸಿನಲ್ಲಿ ಇದ್ದವಳಲ್ಲವೆ ಎಂದು ಕೇಳಿಬಿಟ್ಟಳು. ಮೈಸೂರಿನ ರಾಮಮೂರ್ತಿ ಮೇಷ್ಟ್ರು ಡೆಸ್ಸಿಯ ಶಾಲೆಯಲ್ಲಿ ಹತ್ತು ವರ್ಷ ಗಣಿತ ಕಲಿಸಿದವರು. ಆ ಕಾಲಕ್ಕೆ ನಮ್ಮ ಕಡೆಯ ಮೇಷ್ಟ್ರುಗಳು ಇಥಿಯೋಪಿಯಾದ ಮೂಲೆಮೂಲೆಯಲ್ಲೂ ಇದ್ದರು. ಅಲ್ಲಿ ರಾಜ ಹೋಗಿ ಮಿಲಿಟರಿ ಬಂದ ಮೇಲೆ ಜಾಂಬಿಯಾ, ಆಮೇಲೆ ಮೆಲ್ಬರ್ನ್. ಈಗ ಅಲ್ಲೇ ಹತ್ತಿರದ ಸನ್‌ಶೈನ್ ಎಂಬ ಸಬರ್ಬ್‌ನಲ್ಲಿ ಮನೆ. ಅಂದಿನಿಂದ ಅಸ್ಕಾಲೆಗೆ ಅವರು ಸರ್, ಈಕೆ ಎತ್ಯೆ ಜಾನಕಿ. ಎತ್ಯೆ ಎಂದರೆ ಅಕ್ಕ. ಇವರ ಮನೆಯ ಸಾರು ಅವಳಿಗೆ ತನ್ನ ಊರಿನ ಸಾರಿನಷ್ಟೇ ಖಾರವಾಗಿ ಕಂಡು ಸಮಾಧಾನವಾಗುತ್ತಿತ್ತು. ಕನ್ನಡದಲ್ಲಿ ಊಟ, ಕಾಫಿ, ಸಾಕು, ಇಷ್ಟು ಬಿಟ್ಟರೆ ಅವಳಿಗೆ ಬೇರೆ ಬಾರದು.

ಇಷ್ಟರಲ್ಲಿ 1991 ಬಂತು. ಇಥಿಯೋಪಿಯಾದ ಯುದ್ಧ ಮುಗಿಯುತ್ತಿದ್ದ ಹೊತ್ತು. ಫುಟ್‌ಸ್ಕ್ರೇಯ ಬೆಲೈನೆಶ್ ಎಂಬಾಕೆಯ ಮಗ ಅಲ್ಲಿ ಗುಂಡಿಗೆ ಬಲಿಯಾದ ಸುದ್ದಿ ಉಳಿದವರಿಗೆಲ್ಲ ತಿಳಿಯಿತು, ಆಕೆಯೊಬ್ಬಳನ್ನು ಬಿಟ್ಟು. ಅವರಲ್ಲಿ ಇದಕ್ಕೆ ಒಂದು ಕ್ರಮ ಉಂಟು, ಮೆರ್ದೊ ಎನ್ನುತ್ತಾರೆ. ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವಂತಿಲ್ಲ, ದಾರಿಯಲ್ಲಿ ಹೇಳುವಂತಿಲ್ಲ, ಒಬ್ಬಂಟಿ ಇರುವವರಿಗೆ ಹೇಳುವಂತಿಲ್ಲ. ಹೇಳುವ ಅನುಕೂಲ ಒದಗುವ ತನಕ ಊರೆಲ್ಲ ಸೇರಿ ಸುಳ್ಳು ಹೇಳುತ್ತದೆ. ಆಮೇಲೆ ಒಂದು ಬೆಳಗಿನ ಜಾವ, ಬಾಯಿಗೆ ನೀರು ಹಾಕಿಕೊಳ್ಳುವ ಮುಂಚೆ, ಹಿರಿಯರು ಬಿಳಿ ಶಾಲು ಹೊದ್ದು ಒಟ್ಟಾಗಿ ಬಾಗಿಲಿಗೆ ಬರುತ್ತಾರೆ. ಹೇಳಿದ ಮೇಲೆ ಆ ಮನೆಯವರನ್ನು ಒಂಟಿಯಾಗಿ ಬಿಡುವುದಿಲ್ಲ. ಅಡುಗೆಯೂ ಬಂದವರದೇ, ಅಳುವೂ ಬಂದವರದೇ.

ಬೆಲೈನೆಶ್‌ಳ ಬಾಗಿಲಿಗೆ ಹೋದ ಗುಂಪಿನಲ್ಲಿ ಅಸ್ಕಾಲೆಯೂ ಇದ್ದಳು. ಅವಳ ಶಾಲಿನ ಒಳಗೆ ಕ್ಯಾಮೆರಾ ಇತ್ತು. ಇದನ್ನು ಇಲ್ಲಿಯ ತನಕ ಯಾರೂ ದಾಖಲಿಸಿಲ್ಲ, ನಾವು ಇಲ್ಲದಾದ ಮೇಲೆ ಮಕ್ಕಳಿಗೆ ತಿಳಿಯುವುದು ಹೇಗೆ ಎಂಬುದು ಅವಳ ವಾದ. ವಾದವೇನೋ ಸರಿಯೇ. ಆದರೆ ಹಿರಿಯರು ಹೇಳಿ ಮುಗಿಸಿದ ಮೇಲೆ ಆ ಹೆಂಗಸಿನ ಬಾಯಿಂದ ಅಳು ಹೊರಡುವ ಮುಂಚಿನ ಮೌನದಲ್ಲಿ ಕ್ಯಾಮೆರಾದ ಗರಗರ ಸದ್ದು ಇಡೀ ಕೋಣೆಗೆ ಕೇಳಿಸಿತು. ಬೆಲೈನೆಶ್ ಕೆಲವು ವಾರ ಕಳೆದು ಮಾರ್ಕೆಟ್ಟಿನಲ್ಲಿ ಎದುರಾದಾಗ ಕೇಳಿದಳು: "ನನ್ ಮಗ ಸತ್ತಿದ್ದು ನಿನ್ನ ಫಿಲ್ಮಲ್ಲಿ ಚೆನ್ನಾಗಿ ಬಂತೇನಮ್ಮ?"

ಆಗ ತಪ್ಪಾಯಿತು ಎಂದು ಕಾಲಿಗೆ ಬಿದ್ದಿದ್ದರೆ ಮುಗಿಯುತ್ತಿತ್ತು. ಅಸ್ಕಾಲೆ ಬೀಳಲಿಲ್ಲ. ಆ ರೋಲನ್ನು ಬಳಸುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದಳು, ಬಾಯಿಬಿಟ್ಟು ಹೇಳಲಿಲ್ಲ. ಕಲಾವಿದರಿಗೆ ಇದೊಂದು ಶಾಪ. ಮನಸ್ಸಿನಲ್ಲಿ ಮಾಡಿದ್ದು ಎಲ್ಲರಿಗೂ ಕಂಡಿತು ಎಂದುಕೊಳ್ಳುತ್ತಾರೆ. ಫುಟ್‌ಸ್ಕ್ರೇಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ, ಕಾಫಿಗೆ ಕರೆಯುವುದನ್ನು ಬಿಟ್ಟರು, ಅಷ್ಟೆ. ಅವರಲ್ಲಿ ಕಾಫಿಗೆ ಕರೆಯದಿದ್ದರೆ ಮುಗಿಯಿತು. ಅವಳು ಗಂಟು ಕಟ್ಟಿಕೊಂಡು ಸಿಡ್ನಿಗೆ ಹೋದಳು.

ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿ ಒಂದು ಸಣ್ಣ ಫ್ಲ್ಯಾಟ್, ಮತ್ತೆ ಒಂದು ಆಸ್ಪತ್ರೆ, ಮತ್ತೆ ಬೆಡ್‌ಶೀಟು. ಶನಿವಾರ ಭಾನುವಾರ ಊರಿನ ಆ ತುದಿಗೆ ರೈಲಿನಲ್ಲಿ ಹೋಗಿ, ಬಾಡಿಗೆಗೆ ಸಿಗುವ ಎಡಿಟಿಂಗ್ ಕೋಣೆಯಲ್ಲಿ ಕೂರುತ್ತಿದ್ದಳು. ಕಿಟಕಿಯಿಲ್ಲದ ಕೋಣೆ. ಅಲ್ಲಿ ಕೂತರೆ ಪರದೆಯ ಮೇಲೆ ಫುಟ್‌ಸ್ಕ್ರೇಯ ಹೆಂಗಸರೆಲ್ಲ ಅವಳತ್ತ ತಿರುಗಿ ನಗುತ್ತಿದ್ದರು. ಅವರು ಇನ್ನೂ ಕಾಫಿಗೆ ಕರೆಯುತ್ತಿದ್ದ ಕಾಲದವರು. ವಾರವಿಡೀ ತನ್ನ ಭಾಷೆಯಲ್ಲಿ ಮಾತಾಡಲು ಒಬ್ಬರಿಲ್ಲದೆ, ಭಾನುವಾರ ಅವರ ಜೊತೆ ಮಾತಾಡುತ್ತಿದ್ದಳು. ಆಮೇಲೆ ಪರದೆ ಆರಿಸಿ ಕೊನೆಯ ರೈಲು ಹಿಡಿಯುತ್ತಿದ್ದಳು. ತಾನು ಒಬ್ಬಳೇ ಇದ್ದೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಹೇಳಿಕೊಳ್ಳಲೂ ಯಾರೂ ಇರಲಿಲ್ಲ.

ಊರಿನಲ್ಲಿ ಸರಕಾರ ಬದಲಾಗಿತ್ತು, ಹೋಗಿ ಬರಬಹುದಿತ್ತು. ರಾಮಮೂರ್ತಿಗಳು ಪ್ರತಿ ಫೋನಿನಲ್ಲೂ ಅದನ್ನೇ ಹೇಳುತ್ತಿದ್ದರು.

"ಮೊದ್ಲು ಹೋಗಿ ಅಮ್ಮನ್ನ ನೋಡ್ಕೊಂಡು ಬಾ. ಸಿನಿಮಾ ಎಲ್ಲಿಗೂ ಓಡಿಹೋಗಲ್ಲ."

"ಬರಿಗೈಲಿ ಹೇಗೆ ಹೋಗ್ಲಿ ಸರ್? ಮುಗಿಸಿಬಿಡ್ತೀನಿ. ತಗೊಂಡೇ ಹೋಗಿ ಪಕ್ಕದಲ್ಲಿ ಕೂತು ತೋರಿಸ್ತೀನಿ."

"ನಮ್ಮಮ್ಮ ಹೋದಾಗ ನಾನು ಡೆಸ್ಸೀಲಿದ್ದೆ. ಟೆಲಿಗ್ರಾಂ ಕೈಗೆ ಬರೋ ಹೊತ್ತಿಗೆ ಅಲ್ಲಿ ವೈಕುಂಠ ಸಮಾರಾಧನೆಯೂ ಆಗಿಹೋಗಿತ್ತು. ಸುಮ್ನೆ ಹೇಳ್ದೆ."

ಮೇಷ್ಟ್ರು ಸುಮ್ಮನೆ ಹೇಳಿದ್ದಲ್ಲ ಎಂದು ಅವಳಿಗೂ ಗೊತ್ತು. ಆದರೂ ಹೋಗಲಿಲ್ಲ. ಈ ವರ್ಷ, ಬರುವ ವರ್ಷ ಎನ್ನುತ್ತ ನಾಲ್ಕು ವರ್ಷ ಎಳೆಯಿತು.

1995ರ ಏಪ್ರಿಲ್‌ನಲ್ಲಿ, ಅವರ ಈಸ್ಟರ್ ಹಬ್ಬದ ದಿನ ಫೋನ್ ಮಾಡಿದಾಗ ಗಿರ್ಮಾ, "ಎಮಾಯೆ ತೀರ್ಥಸ್ನಾನಕ್ಕೆ ಹೋಗಿದಾರೆ, ಮಂಡಿನೋವಿಗೆ ಒಳ್ಳೇದಂತೆ" ಎಂದ. ಅಲ್ಲಿಯವರು ನೋವು ನುಲಿತಕ್ಕೆಲ್ಲ ಮಠದ ತೀರ್ಥಕ್ಕೆ ಹೋಗಿ ವಾರಗಟ್ಟಲೆ ಉಳಿಯುವುದುಂಟು. ಮೇ ತಿಂಗಳಲ್ಲಿ ಕೇಳಿದರೆ, ಇನ್ನೂ ಬಂದಿಲ್ಲ, ಅಲ್ಲೇ ಹಿಡಿಸಿದೆಯಂತೆ ಎಂದ. ಅಸ್ಕಾಲೆ ನಕ್ಕು, ಬಂದ ಮೇಲೆ ಹೇಳು, ಸಿನಿಮಾ ಮುಗಿಯಿತು, ಸೆಪ್ಟೆಂಬರ್‌ನಲ್ಲಿ ಊರಿನ ಹೊಸ ವರ್ಷಕ್ಕೆ ಬರುತ್ತೇನೆ ಎಂದಳು. ಸಾವನ್ನು ಮುಚ್ಚಿಡುವ ಸುಳ್ಳುಗಳ ಬಗ್ಗೆಯೇ ಅವಳು ಒಂದು ಕತೆ ಬರೆದಿದ್ದಳು. ಅದರಲ್ಲಿ ತೀರ್ಥಸ್ನಾನದ ಸುಳ್ಳೂ ಇತ್ತು. ತನ್ನ ಬುಡಕ್ಕೇ ಬಂದಾಗ ಅದು ಹೊಳೆಯಲಿಲ್ಲ. ಮಗಳಾಗಿ ಕೇಳುವ ಕಿವಿ ಬೇರೆ, ಬರೆಯುವವಳ ಕಿವಿ ಬೇರೆ.

ಜೂನ್ ಮೊದಲಲ್ಲಿ ಮೆಲ್ಬರ್ನ್‌ನಿಂದ ಫೋನ್ ಬಂತು. ಬೆಲೈನೆಶ್‌ಳ ದನಿ. ನಾಲ್ಕು ವರ್ಷದಲ್ಲಿ ಮೊದಲ ಸಲ.

"ನಿನ್ ಸಿನಿಮಾ ಮುಗೀತಂತೆ. ಎತ್ಯೆ ಜಾನಕಿ ಹೇಳಿದ್ರು. ತಗೊಂಡು ಬಾ, ಚರ್ಚ್ ಹಾಲ್‌ನಲ್ಲಿ ಎಲ್ಲಾ ಕೂತು ನೋಡೋಣ."

"ಎಲ್ಲಾರೂ ಬರ್ತಾರಾ ಎತ್ಯೆ?"

"ಎಲ್ಲಾರೂ."

ಫೋನ್ ಇಟ್ಟು ಅಸ್ಕಾಲೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಕ್ಷಮಿಸಿದರು ಎಂದುಕೊಂಡಳು. ಮರುದಿನ ಲಾಂಡ್ರಿಯಲ್ಲಿ, ಅದುವರೆಗೆ ತನ್ನ ವಿಷಯ ತುಟಿ ಬಿಚ್ಚದವಳು, ಸೂಪರ್‌ವೈಸರ್ ಮಾರ್ಗರೆಟ್‌ಗೆ ರಜೆ ಕೇಳುವ ನೆಪದಲ್ಲಿ ಸಿನಿಮಾದ ವಿಚಾರವೆಲ್ಲ ಹೇಳಿಬಿಟ್ಟಳು.

ಶನಿವಾರ ಮಧ್ಯಾಹ್ನ ಹಾಲ್ ತುಂಬಿ, ಜಾಗ ಸಾಲದೆ ಗೋಡೆಗೆ ಒರಗಿ ನಿಂತವರೂ ಇದ್ದರು. ಜಾನಕಿ, ರಾಮಮೂರ್ತಿ ಮುಂದಿನ ಸಾಲಿನಲ್ಲಿ. ಅಸ್ಕಾಲೆ ಹಿಂದೆ ಪ್ರೊಜೆಕ್ಟರ್ ಪಕ್ಕದಲ್ಲಿ ನಿಂತಳು. ಮೊದಲ ಬಾರಿಗೆ "ಎಮಾಯೆ, ನೋಡು" ಎಂದು ಅವಳ ದನಿ ಕೇಳಿದ್ದೇ ತಡ, ಮಧ್ಯದ ಸಾಲಿನಲ್ಲಿ ಒಬ್ಬಾಕೆ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಎರಡನೆಯ ಬಾರಿಗೆ ಇನ್ನಷ್ಟು ಜನ. ಇಂಜೆರಾ ಕೆಟ್ಟು ಎಲ್ಲರೂ ನಗುವ ಜಾಗ ಬಂತು. ಅಲ್ಲಿ ನಗು ಗ್ಯಾರಂಟಿ ಎಂದು ಲೆಕ್ಕ ಹಾಕಿದ್ದಳು. ಆ ಜಾಗದಲ್ಲೇ ಗಂಡಸರೂ ಮೂಗೊರೆಸಿಕೊಂಡರು. ಬೆಲೈನೆಶ್ ಎದ್ದು ಹೊರಗೆ ಹೋಗಿ, ಕಣ್ಣು ಒರೆಸಿಕೊಂಡು ಮತ್ತೆ ಬಂದು ಕೂತಳು. ಅಸ್ಕಾಲೆ ಕತ್ತಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಇಷ್ಟು ವರ್ಷ ಪಟ್ಟ ಕಷ್ಟಕ್ಕೆ ಇಷ್ಟೊಂದು ಪ್ರತಿಫಲ ಇದೆಯೆಂದು ಅವಳು ಎಣಿಸಿರಲಿಲ್ಲ.

ದೀಪ ಹಾಕಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಾಲಾಗಿ ಬಂದು ಅವಳನ್ನು ತಬ್ಬಿಕೊಂಡರು, ಬಹಳ ಹೊತ್ತು ಬಿಡದೆ. ಬೆಲೈನೆಶ್ ಅವಳ ತಲೆ ಸವರಿ, "ಚೆನ್ನಾಗಿ ಊಟ ಮಾಡಿ ಮಲಕ್ಕೋ" ಎಂದಳು.

"ಎತ್ಯೆ, ಆವತ್ತು ನಾನು ಕ್ಯಾಮೆರಾ ತಂದಿದ್ದು ತಪ್ಪಾಯ್ತು."

"ಅದೆಲ್ಲ ಈಗ ಯಾಕೆ. ಮಲಕ್ಕೋ ಹೋಗು."

ಸನ್‌ಶೈನ್‌ನ ಮನೆಗೆ ಬಂದಾಗ ಸಂಜೆಯಾಗಿತ್ತು. ಹಾಲ್‌ನ ಸೋಫಾಗಳನ್ನೆಲ್ಲ ಹೊರಗಿನ ಗ್ಯಾರೇಜಿಗೆ ಸಾಗಿಸಿ ನೆಲ ಖಾಲಿ ಮಾಡಿದ್ದರು. ಏನು ಸರ್ ಎಂದರೆ, ಕಾರ್ಪೆಟ್ ಕ್ಲೀನ್ ಮಾಡುವವರು ಬರುತ್ತಾರೆ ಎಂದರು ರಾಮಮೂರ್ತಿ. ಭಾನುವಾರವೂ ಬರುತ್ತಾರೆಯೇ ಎಂದು ಕೇಳಲು ಅವಳಿಗೆ ಪುರುಸೊತ್ತಿರಲಿಲ್ಲ. ಯಾವ ದೃಶ್ಯಕ್ಕೆ ಯಾರು ಅತ್ತರು ಎಂದು ಬಾಯಿ ತುಂಬ ಹೇಳುತ್ತಿದ್ದಳು. ಅಮ್ಮನಿಗೆಂದು ವೀಡಿಯೋ ಕ್ಯಾಸೆಟ್ಟಿಗೆ ಹಾಕಿಸಿದ ಕಾಪಿಯನ್ನು ಬ್ಯಾಗಿನಿಂದ ತೆಗೆದು ತೋರಿಸಿದಳು. ಗಿರ್ಮಾನ ಅಂಗಡಿಯ ಪಕ್ಕದ ಹೋಟೆಲಿನಲ್ಲಿ ವೀಡಿಯೋ ಇದೆಯಂತೆ, ಒಂದು ಮಧ್ಯಾಹ್ನ ಹೋಟೆಲನ್ನೇ ಬಾಡಿಗೆಗೆ ಹಿಡಿದು ಕೇರಿಯವರನ್ನೆಲ್ಲ ಕೂರಿಸುತ್ತೇನೆ, ಮಗಳು ಟೈಲರ್ ಅಲ್ಲ ಎಂದು ಎಲ್ಲರಿಗೂ ಒಂದೇ ಸಲಕ್ಕೆ ಗೊತ್ತಾಗಲಿ ಎಂದು ನಕ್ಕಳು. ಜಾನಕಿ ತಟ್ಟೆಗೆ ಅನ್ನ ಬಡಿಸುತ್ತಲೇ ಇದ್ದಳು, ಸಾಕು ಸಾಕು ಎಂದರೂ ಕೈ ನಿಲ್ಲಲಿಲ್ಲ.

ಅನ್ನದ ಪಾತ್ರೆ ಹಿಡಿದು ಒಳಗೆ ಹೋದ ಹೆಂಡತಿಯ ಹಿಂದೆ ಮೇಷ್ಟ್ರೂ ಹೋದರು. ಒಳಗಿನ ಕನ್ನಡದ ಮಾತು ಊಟದ ಮೇಜಿಗೆ ಕೇಳುತ್ತಿತ್ತು.

"ನನ್ ಕೈಲಾಗಲ್ಲ ರೀ. ಅವಳ ಮುಖ ನೋಡೋಕಾಗಲ್ಲ. ಈಗ್ಲೇ ಹೇಳ್ಬಿಡ್ತೀನಿ."

"ಬೇಡ ಕಣೆ. ಒಂದಿನ ಆದ್ರೂ ಸಂತೋಷವಾಗಿರ್ಲಿ. ಬೆಳಿಗ್ಗೆ ಅವರೇ ಬಂದು ಹೇಳ್ತಾರೆ, ಅವರ ಕ್ರಮ ಅವರು ಮಾಡ್ಲಿ."

"ಹೋಗಿ ಎರಡು ತಿಂಗಳಾಯ್ತು. ಇವಳು ಕ್ಯಾಸೆಟ್ ಹಿಡ್ಕೊಂಡು ಕೂತಿದಾಳಲ್ರೀ."

"ಸಿಡ್ನೀಲಿ ಅವಳಿಗೆ ಯಾರಿದಾರೆ ಹೇಳು, ಬಾಗಿಲಿಗೆ ಬರೋಕೆ? ಅದಕ್ಕೇ ತಾನೇ ಸಿನಿಮಾ ನೆಪ ಮಾಡಿ ಕರೆಸಿದ್ದು. ಕಣ್ಣೊರೆಸ್ಕೊ. ಮೊಸರು ತಗೊಂಡು ಬಾ."

ಅಸ್ಕಾಲೆಗೆ ಕ್ಯಾಸೆಟ್ ಎಂಬ ಮಾತು ಕೇಳಿಸಿತು, ಸಿನಿಮಾ ಎಂಬುದೂ ಕೇಳಿಸಿತು. ಇಬ್ಬರೂ ತನ್ನ ಸಿನಿಮಾದ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದು ಅವಳಿಗೆ ಖುಷಿಯಾಯಿತು. ಮೊಸರನ್ನ ಉಂಡು, ಬಹಳ ವರ್ಷಗಳ ಮೇಲೆ ಹೀಟರ್ ಇರುವ ಕೋಣೆಯಲ್ಲಿ ಹಾಯಾಗಿ ಮಲಗಿದಳು.

ಬೆಳಗಿನ ಜಾವ ಕಾರುಗಳು ನಿಂತ ಸದ್ದಿಗೆ ಎಚ್ಚರವಾಯಿತು. ಕಾರ್ಪೆಟ್‌ನವರು ಬಂದರೇನೋ ಎಂದು ಎದ್ದು ಹೋಗಿ ತಾನೇ ಬಾಗಿಲು ತೆಗೆದಳು. ಹೊರಗೆ ಮಂಜು. ಮಂಜಿನಲ್ಲಿ ಬಿಳಿ ಶಾಲುಗಳು, ಗೇಟಿನ ತನಕ. ಮುಂದೆ ಬೆಲೈನೆಶ್.

ಯಾರ ಮನೆಗೆ ಬಂದಿದ್ದಾರೆ ಎಂದು ಅವಳು ಮೊದಲು ಯೋಚಿಸಿದಳು. ಇದು ಎತ್ಯೆ ಜಾನಕಿಯ ಮನೆ. ಇವರ ಕಡೆಯವರಿಗೆ ಏನಾದರೂ ಆಯಿತೆ? ತಿರುಗಿ ನೋಡಿದರೆ ಜಾನಕಿ ಆಗಲೇ ಸ್ನಾನ ಮಾಡಿ, ಸೀರೆಯ ಸೆರಗು ಹೊದ್ದು ಖಾಲಿ ಹಾಲ್‌ನ ಮಧ್ಯದಲ್ಲಿ ನಿಂತಿದ್ದಳು. ಅಸ್ಕಾಲೆಗೆ ಎಲ್ಲ ಅರ್ಥವಾಯಿತು. ಬಾಗಿಲನ್ನು ಮುಚ್ಚಲು ನೋಡಿದಳು. ಬೆಲೈನೆಶ್ ಅಂಗೈ ಒತ್ತಿ ತಡೆದು ಒಳಗೆ ಬಂದು, ಅವಳ ಎರಡೂ ತೋಳು ಹಿಡಿದುಕೊಂಡಳು.

"ಹೇಳ್ಬೇಡಿ," ಎಂದಳು ಅಸ್ಕಾಲೆ. "ಎತ್ಯೆ, ದಯವಿಟ್ಟು ಹೇಳ್ಬೇಡಿ."

"ಹೇಳ್ದೆ ಇರೋಕಾಗಲ್ಲ ಮಗಳೆ. ಎಮಾಯೆ ಹೋಗ್ಬಿಟ್ರು. ಹಬ್ಬದ ಹಿಂದಿನ ವಾರ. ನಿದ್ದೇಲೇ ಹೋದ್ರಂತೆ."

ಅಸ್ಕಾಲೆ ಅಳಲಿಲ್ಲ. ಅವಳ ತಲೆ ಹಬ್ಬದ ಹಿಂದಿನ ವಾರಕ್ಕೆ ಓಡಿತು. ಹಿನ್ನೆಲೆಯ ಮಾತುಗಳನ್ನು ಅವಳು ರೆಕಾರ್ಡ್ ಮಾಡಿದ್ದು ಹಬ್ಬ ಕಳೆದ ಮೇಲೆ. ಎಮಾಯೆ ನೋಡು, ಎಮಾಯೆ ನೋಡು ಎಂದು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಅವಳು ಹೇಳಿದ್ದೆಲ್ಲ ಆಗಲೇ ಇಲ್ಲದವಳಿಗೆ.

"ನಿನ್ನೆ ನೀವೆಲ್ಲ ಅತ್ರಲ್ಲ," ಎಂದಳು. "ನಿಮಗೆಲ್ಲಾ ಗೊತ್ತಿತ್ತು."

"ಗೊತ್ತಿತ್ತು. ಗಿರ್ಮಾ ನಮಗೆ ಹೇಳಿಕಳಿಸಿದ್ದ."

"ಸಿನಿಮಾ ನೋಡಿ ಅತ್ರಿ ಅಂದ್ಕೊಂಡಿದ್ದೆ."

ಬೆಲೈನೆಶ್ ಅವಳನ್ನು ಎದೆಗೆ ಒತ್ತಿಕೊಂಡು ದೊಡ್ಡ ದನಿಯಲ್ಲಿ ಅಳಲು ಶುರುಮಾಡಿದಳು. ಅದರ ಹಿಂದೆಯೇ ಕೋಣೆ ತುಂಬ ಅಳು ಎದ್ದಿತು. ಅಸ್ಕಾಲೆಯದು ಎಲ್ಲರಿಗಿಂತ ತಡವಾಗಿ ಬಂತು, ಬಂದ ಮೇಲೆ ನಿಲ್ಲಲಿಲ್ಲ. ಮಡಿ ಮೈಲಿಗೆ ಎಂದು ಇಡೀ ಜೀವಮಾನ ಲೆಕ್ಕ ಹಾಕಿದ ರಾಮಮೂರ್ತಿ ಮೇಷ್ಟ್ರು, ಮೊಣಕಾಲು ಮಡಚಲಾಗದಿದ್ದರೂ ಆ ಗುಂಪಿನ ಅಂಚಿನಲ್ಲಿ ನೆಲದ ಮೇಲೆ ಕೂತರು. ಮೂರು ದಿನ ಆ ಮನೆಯಲ್ಲಿ ಜಾನಕಿಗೆ ಒಲೆ ಹಚ್ಚಲು ಬಿಡದೆ ಬಂದವರೇ ಅಡುಗೆ ತಂದರು. ಅಸ್ಕಾಲೆಯನ್ನು ಒಂದು ಗಳಿಗೆ ಒಂಟಿಯಾಗಿ ಬಿಡಲಿಲ್ಲ. ಕ್ರಮ ಮುಗಿದ ಮೇಲೆ ಒಬ್ಬೊಬ್ಬರಾಗಿ ಕೆಲಸಕ್ಕೆ ಹೋದರು, ಅವಳಿಗೂ ರಜೆ ಉಳಿದಿರಲಿಲ್ಲ.

ಲಾಂಡ್ರಿಗೆ ಮರಳಿದ ಬೆಳಿಗ್ಗೆ ಮಾರ್ಗರೆಟ್ ಕಾಯುತ್ತಿದ್ದಳು. ಒಳ್ಳೆಯ ಹೆಂಗಸು, ಅವಳಿಗೆ ನಿಜವಾಗಿಯೂ ಕುತೂಹಲ. ಇಬ್ಬರೂ ಒಂದೊಂದು ತುದಿ ಹಿಡಿದು ಬೆಡ್‌ಶೀಟ್ ಮಡಿಸತೊಡಗಿದರು.

"ಹೇಗಾಯ್ತು ನಿನ್ನ ಸಿನಿಮಾ? ಜನ ಬಂದಿದ್ರಾ?"

ಅಸ್ಕಾಲೆ ಹೇಳಬೇಕೆಂದಿದ್ದಳು. ಆದರೆ ಎಲ್ಲಿಂದ ಶುರುಮಾಡುವುದು? ಮೆರ್ದೊ ಎಂದರೇನು, ಸುಳ್ಳು ಯಾಕೆ, ಬಿಳಿ ಶಾಲು ಯಾಕೆ; ಅಷ್ಟೆಲ್ಲ ವಿವರಿಸುವ ಹೊತ್ತಿಗೆ ಅಮ್ಮ ಸತ್ತದ್ದು ಎಲ್ಲೋ ಹಿಂದೆ ಉಳಿದಿರುತ್ತದೆ.

"ಹಾಲ್ ತುಂಬ ಬಂದಿದ್ರು," ಎಂದಳು. "ಎಲ್ಲಾರೂ ಅತ್ರು."

"ಎಲ್ಲಾರೂ ಅತ್ರಾ? ಹಾಗಾದ್ರೆ ನಿನ್ನ ಸಿನಿಮಾ ಗೆದ್ದ ಹಾಗೇ," ಎಂದು ಮಾರ್ಗರೆಟ್ ತನ್ನ ತುದಿಯನ್ನು ತಂದು ಅವಳ ಕೈಗೆ ಕೊಟ್ಟಳು. ಅಸ್ಕಾಲೆ ಹೌದು ಎಂದು ತಲೆಯಾಡಿಸಿ ಮುಂದಿನ ಬೆಡ್‌ಶೀಟ್ ಎತ್ತಿಕೊಂಡಳು.